ಹದಿನೆಂಟು ಬಾಟಲಿಯ ಟ್ರಂಕು

ಗೆಳೆಯಾ ಬಸಣ್ಣಾ,

ನೀನು ಹೋಗಿ ಏಳು ತಿಂಗಳಾಯಿತು. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ ಅಂತ ಬೈಯಬೇಡ. ಬರೆಯಲು ಕೂತಾಗಲೆಲ್ಲ ಒಂದೇ ಮಾತು ಮುಂದೆ ಬಂದು ನಿಲ್ಲುತ್ತಿತ್ತು. ಅವತ್ತು ನೀನು ಬಾಯಿಬಿಟ್ಟು ಒಂದು ಬಾಟಲಿ ಕೇಳಿದೆ, ನಾನು ಕೊಡಲಿಲ್ಲ. ಅಲ್ಲಿಂದ ಮುಂದೆ ಪೆನ್ನು ಓಡುತ್ತಿರಲಿಲ್ಲ. ಇವತ್ತು ಓಡುತ್ತಿದೆ, ಯಾಕೆಂದರೆ ಗಂಗಾವತಿಯಿಂದ ಬರುವ ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಒಬ್ಬರು ಬರುವವರಿದ್ದಾರೆ. ಯಾರು ಅಂತ ಕಡೆಗೆ ಹೇಳುತ್ತೇನೆ, ಅವಸರ ಮಾಡಬೇಡ. ಬದುಕಿದ್ದಾಗಲೂ ನಿನ್ನದು ಅದೇ ಚಾಳಿ. ಸಿನಿಮಾ ಕಥೆ ಹೇಳಲು ಬಾಯಿ ತೆರೆದರೆ ಸಾಕು, "ಕಡೀಕ ಏನಾತಲೇ ಮಾಸ್ತರ?" ಅನ್ನುತ್ತಿದ್ದೆ.

ಸಾಣಾಪುರದ ಆ ಮಧ್ಯಾಹ್ನ ನೆನಪಿದೆಯಾ? ಅಲ್ಲಿಯ ಒಂದು ಗೆಸ್ಟ್ ಹೌಸಿಗೆ ನೀನು ಅಕ್ಕಿ ಹಾಕುತ್ತಿದ್ದೆ. ಯಾರೋ ಪ್ರವಾಸಿಗರು ಬಿಟ್ಟುಹೋದದ್ದು ಅಂತ ಅದರ ಮಾಲೀಕ ನಿನ್ನ ಕೈಗೆ ಒಂದು ವೈನ್ ಬಾಟಲಿ ಕೊಟ್ಟಿದ್ದ. ನೀನು ಅದನ್ನು ಖಾಲಿ ಅಕ್ಕಿಚೀಲದಲ್ಲಿ ಸುತ್ತಿಕೊಂಡು, ಕಳವು ಮಾಡಿದವನ ಹಾಗೆ ಆಚೀಚೆ ನೋಡುತ್ತಾ ಕೆರೆಯ ದಂಡೆಗೆ ಬಂದೆ. ಯಲಬುರ್ಗಾದ ಹಾಸ್ಟೆಲ್ಲಿನಲ್ಲಿ ಒಂದೇ ಕಂಬಳಿ ಹೊದ್ದು ಬೆಳೆದ ನಾವು ಅಲ್ಲಿಯವರೆಗೆ ಸೋಡಾಕ್ಕಿಂತ ಮುಂದೆ ಹೋದವರಲ್ಲ. ಬಂಡೆಯ ನೆರಳಲ್ಲಿ ಕೂತು ಕಾರ್ಕು ತೆಗೆಯಲು ಏನೂ ಇಲ್ಲದೆ, ನನ್ನ ಚೀಲದಲ್ಲಿದ್ದ ಕೈವಾರದ ಮೊನೆಯಿಂದ ಕೆದರಿ ಕೆದರಿ ಅರ್ಧ ಕಾರ್ಕು ಒಳಗೇ ಬೀಳಿಸಿದೆವು. ನಿವೃತ್ತನಾಗಿಯೂ ಚೀಲದಲ್ಲಿ ಕೈವಾರ ಇಟ್ಟುಕೊಂಡು ತಿರುಗುವ ಗಣಿತದ ಮಾಸ್ತರ ನಾನೊಬ್ಬನೇ ಇರಬೇಕು! ಸ್ಟೀಲ್ ಲೋಟದಲ್ಲಿ ಮೊದಲ ಗುಟುಕು ಕುಡಿದು ನೀನು ಕಣ್ಣರಳಿಸಿದೆ.

"ಏ, ಇದು ಥೇಟ್ ದ್ರಾಕ್ಷಾಸವಲೇ! ನಮ್ಮವ್ವ ಬಾಣಂತ್ಯಾರಿಗೆ ಕೊಡತಿದ್ಲು ನೋಡ, ಅದ!"

ಅಷ್ಟೇ. ಔಷಧಿ ಅಂದಮೇಲೆ ಪಾಪದ ಮಾತೆಲ್ಲಿ ಬಂತು? ಬಾಟಲಿ ಮುಗಿಯಿತು.

ವಾಪಸ್ಸು ಬರುವಾಗ ನಿನ್ನ ಸ್ಕೂಟರಿನ ಹಿಂದೆ ಕೂತು ನಾನೇ ಮಾತು ತೆಗೆದದ್ದು. ವರ್ಷದ ಜೋಳ, ವರ್ಷದ ಬೇಳೆ, ವರ್ಷದ ಖಾರ ಎಲ್ಲವನ್ನೂ ನಮ್ಮ ಮಂದಿ ಅಳೆದು ಅಂದಾಜು ಮಾಡಿಯೇ ಇಡುತ್ತಾರೆ, ಇದನ್ನು ಯಾಕೆ ಇಡಬಾರದು ಅಂದೆ. ಮನೆಗೆ ಬಂದವನೇ ಒಂದು ಹಳೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಬರೆದೆ. ಕುಡಿಯುವವರು ಇಬ್ಬರು. ದಿನ ಅಮಾವಾಸ್ಯೆ, ಯಾಕೆಂದರೆ ಅಮಾವಾಸ್ಯೆಗೆ ಗಂಗಾವತಿಯ ಮಾರುಕಟ್ಟೆಗೆ ಸೂಟಿ, ನಿನ್ನ ಅಂಗಡಿಗೂ ಸೂಟಿ. ನನ್ನ ಹೆಂಡತಿ ಗಿರಿಜಾ ಅವತ್ತು ಬೆಳಿಗ್ಗೆಯೇ ತವರೂರಿನ ಗುಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಒಂದು ಅಮಾವಾಸ್ಯೆಗೆ ಒಂದು ಬಾಟಲಿ. ಬೀಗರು-ಬಿಜ್ಜರು, ಬಂದವರು-ಹೋದವರು ಅನ್ನುವ ಜಾಗದಲ್ಲಿ ದೊಡ್ಡ ಸೊನ್ನೆ ಹಾಕಿದೆ. ನೀನು ಆ ಪತ್ರಿಕೆಯನ್ನು ಹಿಡಿದು ನೋಡಿ, "ಎಲ್ಲಾ ಸರಿ ಐತಿ, ಆದ್ರ ಮಾಗಸೂದು ಎಲ್ಲೈತಿ?" ಅಂದೆಯಲ್ಲ, ನಮ್ಮ ದಾರಿ ತಪ್ಪಿದ್ದು ಅಲ್ಲೇ.

ನಿನ್ನ ಅಂಗಡಿಯ ಗಾದಿಯ ಮೇಲೆ ಕೂತು ನೀನು ಗಿರಾಕಿಗಳಿಗೆ ಹೇಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. "ಹೊಸ ಅಕ್ಕಿ ಮುದ್ದಿ ಆಗ್ತೈತ್ರಿ. ಹಳೇದು ಒಯ್ರಿ, ಅನ್ನ ಮಲ್ಲಿಗಿ ಮೊಗ್ಗಿನಂಗ ಉದುರುದುರು ಆಗ್ತೈತಿ." ಮೂವತ್ತು ವರ್ಷ ಅದನ್ನೇ ಹೇಳಿದವನಿಗೆ ವೈನೂ ಅಕ್ಕಿಯ ಹಾಗೇ ಕಂಡಿತು. ಚೀಲದಲ್ಲಿ ಕೂತಷ್ಟೂ ಅಕ್ಕಿಗೆ ಬೆಲೆ, ಬಾಟಲಿಯಲ್ಲಿ ಕೂತಷ್ಟೂ ವೈನಿಗೆ ಬೆಲೆ. ಹಳೆಯ ವೈನ್ ದೊಡ್ಡದು ಅಂತ ನಾನೂ ಎಲ್ಲೋ ಓದಿದ್ದೆ. ಯಾವ ವೈನು, ಎಂಥ ಜಾಗ, ಯಾರು ಕೇಳಬೇಕು? ತಿಂಗಳಿಗೆ ಎರಡು ತರುವುದು, ಒಂದನ್ನು ಕುಡಿಯುವುದು, ಒಂದನ್ನು ಮಾಗಲು ಇಡುವುದು ಅಂತ ಠರಾವು ಆಯಿತು. ಹದಿನೆಂಟಕ್ಕೆ ನಿಲ್ಲಿಸಬೇಕು ಅಂದವನು ನಾನು. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಸರ್ಕಾರದ್ದೂ ಒಂದು ಅಳತೆ ಇರುತ್ತದೆ ಅನ್ನುವ ಅಂಜಿಕೆ ಒಂದು ಕಡೆ. ನಮ್ಮ ಟ್ರಂಕಿನಲ್ಲಿ ಸಾಲಾಗಿ ನಿಲ್ಲಿಸಿದರೆ ಹಿಡಿಯುವುದು ಹದಿನೆಂಟೇ ಅನ್ನುವುದು ಇನ್ನೊಂದು ಕಡೆ.

ಆ ಟ್ರಂಕನ್ನು ತಗಡಿನ ಸೂರಿನ ಹಿತ್ತಲ ಕೋಣೆಯ ಅಟ್ಟಕ್ಕೆ ಏರಿಸಿದ ದಿನ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಗಿರಿಜಾ ಬಾಗಿಲಲ್ಲಿ ನಿಂತು, "ಏನೈತ್ರಿ ಅದರಾಗ?" ಅಂದಳು. ನಾನು ಧೈರ್ಯವಾಗಿ, "ಕುಷ್ಟಗಿ ಸಾಲಿಯ ಹಳೇ ಉತ್ತರಪತ್ರಿಕೆ" ಅಂದೆ. ನೀನು ಏಣಿಯ ಮೇಲೆ ನಗು ತಡೆಯಲಾರದೆ ಕೆಮ್ಮಿದೆ. ಆಮೇಲೆ ನನ್ನಿಂದ ಆಣೆ ಹಾಕಿಸಿಕೊಂಡವನು ನೀನೇ ಅಂತ ಹೇಳುತ್ತಿದ್ದೆ. ಇಲ್ಲ ಮಾರಾಯ, ಹಾಕಿಸಿದವನು ನಾನು. ಇಬ್ಬರ ಹೆಂಡಂದಿರಿಗೂ ಇದು ಎಂದಿಗೂ ಗೊತ್ತಾಗಬಾರದು ಅಂತ ನಿನ್ನ ಕೈಯನ್ನು ನನ್ನ ತಲೆಯ ಮೇಲೆ ಇರಿಸಿಕೊಂಡಿದ್ದೆ. ಗೊತ್ತಾದರೆ ಮಾನ ಹೋಗುತ್ತದೆ ಅಂತ ಅಷ್ಟು ಭಯ ನನಗೆ.

ಅಮಾವಾಸ್ಯೆಗಳು ಎಷ್ಟು ಚೆನ್ನಾಗಿದ್ದವು, ಬಸಣ್ಣ! ಹನ್ನೊಂದಕ್ಕೆ ಕೊಪ್ಪಳದ ಭಾಗ್ಯನಗರದ ನಮ್ಮ ಓಣಿಯಲ್ಲಿ ನಿನ್ನ ಸ್ಕೂಟರಿನ ಹಾರ್ನು. ಕೈಯಲ್ಲಿ ಖಾರ ಹಚ್ಚಿ ಹುರಿದ ಶೇಂಗಾದ ಡಬ್ಬಿ. ಇಬ್ಬರಿಗೂ ಎರಡೆರಡು ಲೋಟ. ದೊಡ್ಡ ಮಾತೇನೂ ಆಡುತ್ತಿರಲಿಲ್ಲ. ಯಾರ ಮಂಡಿ ನೋವು ಹೆಚ್ಚು, ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಇತ್ತೋ ಇಲ್ಲವೋ, ಇಂಥವೇ. ಆದರೆ ಮುಂದಿನ ಅಮಾವಾಸ್ಯೆಯವರೆಗೆ ನನಗೆ ಆ ಎರಡು ತಾಸು ಸಾಕಾಗುತ್ತಿದ್ದವು. ನಿನಗೂ ಸಾಕಾಗುತ್ತಿದ್ದವಾ? ಯಾವತ್ತೂ ಕೇಳಲಿಲ್ಲ.

ಟ್ರಂಕು ತುಂಬಿದ ದಿನ ನೀನು ಚಪ್ಪಾಳೆ ತಟ್ಟಿ, "ಹದಿನೆಂಟು ಆತು. ಇನ್ನ ಹಳೇದು ತಗಿಯೂಣು" ಅಂದೆ. ನಾನು ಬೇಡ ಅಂತ ತಲೆಯಾಡಿಸಿದೆ. ದೀಪಾವಳಿ ಅಮಾವಾಸ್ಯೆಗೆ ಮುಹೂರ್ತ ಮಾಡೋಣ, ಅಲ್ಲಿಯವರೆಗೆ ಇನ್ನಷ್ಟು ಮಾಗಲಿ ಅಂದೆ. ನೀನು ಒಪ್ಪಿದೆ. ನನ್ನ ಮಾತಿಗೆ ನೀನು ಯಾವತ್ತು ಇಲ್ಲ ಅಂದಿದ್ದೀಯಾ?

ಆಮೇಲೆ ಆ ಗುರುವಾರ. ಅಮಾವಾಸ್ಯೆಗೆ ಇನ್ನೂ ಎಂಟು ದಿನ ಇತ್ತು. ಹಾರ್ನು ಇಲ್ಲ, ಶೇಂಗಾ ಡಬ್ಬಿ ಇಲ್ಲ, ನೀನು ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಗಿರಿಜಾ ಸಂತೆಗೆ ಹೋಗಿದ್ದಳು. ನೀನು ಕೂರಲೂ ಇಲ್ಲ.

"ಲೇ ಮಾಸ್ತರ, ಒಂದು ಕೊಡಲೇ ಇವತ್ತು."

"ಇವತ್ತಾ? ಅಮಾಸಿ ಇನ್ನಾ ಎಂಟು ದಿನ ಐತಿ."

"ಗೊತ್ತೈತಿ. ಒಂದ ಕೊಡು, ಒಯ್ತೀನಿ. ಹದಿನೆಂಟರಾಗ ಒಂದು ತಗದ್ರ ಹದಿನೇಳು ಉಳೀತಾವಪಾ, ಮುಗದ ಹೋಗ್ತಾವೇನು?"

"ಪ್ಲ್ಯಾನ್ ಅಂದ್ರ ಪ್ಲ್ಯಾನ್ ಬಸ್ಯಾ. ಇವತ್ತೊಂದು, ನಾಳಿಗೊಂದು ಅಂದ್ರ ದೀಪಾವಳಿಗೆ ಖಾಲಿ ಟ್ರಂಕ್ ಪೂಜಿ ಮಾಡಬೇಕಾಗ್ತೈತಿ."

ನೀನು ನಕ್ಕೆ. "ನೀ ಖರೇನ ಮಾಸ್ತರಲೇ" ಅಂದೆ. ನಾನು ಮಜ್ಜಿಗೆ ಕೊಟ್ಟೆ, ನೀನು ಕುಡಿದೆ. ಬಾಗಿಲು ದಾಟಿ ಮೆಟ್ಟಿಲಿಳಿದವನು ತಿರುಗಿ ನಿಂತು, "ಮಾಸ್ತರ, ಅದೇನಂದ್ರ..." ಅಂದೆ. "ಏನಲೇ?" ಅಂದೆ ನಾನು. "ಏನಿಲ್ಲ ಬಿಡು. ಅಮಾಸಿಗೆ ಬರ್ತೀನಿ" ಅಂದೆ. ಒಯ್ಯುತ್ತೇನೆ ಅಂದೆಯಲ್ಲ, ಎಲ್ಲಿಗೆ, ಯಾರಿಗೆ ಅಂತ ನಾನು ಕೇಳಬಾರದಿತ್ತೇ? ಸಾವಿರ ಮಕ್ಕಳಿಗೆ "ಪ್ರಶ್ನೆ ಸರಿಯಾಗಿ ಓದ್ರಿ" ಅಂತ ಹೇಳಿದವನು ನಾನು.

ಮಂಗಳವಾರ ಬೆಳಿಗ್ಗೆ ಫೋನು ಬಂತು. ಅಂಗಡಿಯಲ್ಲಿ ಅಕ್ಕಿಚೀಲಕ್ಕೆ ಒರಗಿ ಕೂತ ನೀನು ಹಾಗೇ ಹೋಗಿಬಿಟ್ಟಿದ್ದೆ. ನಾನು ನಿನ್ನ ಮಣ್ಣಿಗೆ ಬಂದೆ. ಮೂರು ಹಿಡಿ ಮಣ್ಣು ಹಾಕುವಾಗ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಆ ದರಿದ್ರ ಸಂಖ್ಯೆ. ಹದಿನೆಂಟು. ಹದಿನೆಂಟಕ್ಕೆ ಹದಿನೆಂಟೂ ಅಟ್ಟದ ಮೇಲೆ ಇದ್ದವು, ನೀನು ಕೇಳಿದ್ದು ಒಂದು. ನಿನ್ನ ಹೆಂಡತಿ ಶಾಂತಕ್ಕ ಒಂದು ಸಲ ನನ್ನ ಕಡೆ ನೋಡಿ ಮುಖ ತಿರುಗಿಸಿದರು. ದುಃಖ ಅಂದುಕೊಂಡೆ.

ದೀಪಾವಳಿ ಅಮಾವಾಸ್ಯೆಗೆ ಗಿರಿಜಾ ಗುಡಿಗೆ ಹೋದ ಮೇಲೆ ನಾನೊಬ್ಬನೇ ಅಟ್ಟ ಹತ್ತಿದೆ. ಮುಹೂರ್ತ ಇಟ್ಟವನು ನಾನೇ ಅಲ್ಲವೇ? ನಿನ್ನ ಹೆಸರಿನಲ್ಲಿ ಎಲ್ಲಕ್ಕಿಂತ ಹಳೆಯದನ್ನು ತೆಗೆದೆ. ಕಾರ್ಕು ಒಣಗಿ ಪುಡಿಪುಡಿಯಾಗಿ ಉದುರಿತು. ಬಾಯಿಗೆ ಹಾಕಿದರೆ ಹುಣಸೆಹಣ್ಣು ಕಿವುಚಿದ ನೀರು! ಎರಡನೆಯದು, ಮೂರನೆಯದು, ಎಲ್ಲಾ ಒಂದೇ ಕಥೆ. ಮರುದಿನ ವೈನ್ ಅಂಗಡಿಯವನ ಹತ್ತಿರ ಹೋಗಿ, ಹೆಸರು ಹೇಳದೆ, "ಯಾರೋ ಹಿಂಗ ಇಟ್ಟಿದ್ರಂತ" ಅಂತ ಕೇಳಿದೆ.

"ತಗಡಿನ ಕೆಳಗ ಇಟ್ಟಿದ್ರಾ ಸರ? ಕೊಪ್ಪಳದ ಬಿಸಿಲಾಗ? ನಿಂದ್ರಿಸಿ ಬ್ಯಾರೆ?" ಅವನು ಹಣೆ ಬಡಿದುಕೊಂಡ. "ಇದು ಇಡೂ ಮಾಲಲ್ರಿ ಸರ, ಕುಡಿಯೂ ಮಾಲು. ತಂದ್ರಿ, ತಂಪಿನಾಗ ಮಲಗಿಸಿದ್ರಿ, ಛಲೋ ಮಂದಿ ಬಂದ ದಿನ ತಗದ್ರಿ. ಮುಗೀತು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀನು ಕೇಳಿದ ದಿನ ಕೊಟ್ಟಿದ್ದರೂ ಅದು ಹುಳಿಯೇ ಇರುತ್ತಿತ್ತು ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಹುಳಿ ಕುಡಿದು ಇಬ್ಬರೂ ಮುಖ ಹಿಂಡಿ, ನಿನ್ನ ಅಕ್ಕಿಯ ಶಾಸ್ತ್ರಕ್ಕೆ ಬೈದು, ಹೊಟ್ಟೆ ಹುಣ್ಣಾಗುವಂತೆ ನಗಬಹುದಿತ್ತಲ್ಲ. ಆ ನಗು ಹೋಯಿತು. ಅದನ್ನು ಎಲ್ಲಿಂದ ತರಲಿ?

ಹೋದ ಸೋಮವಾರ ತಡೆಯಲಾಗದೆ ಗಂಗಾವತಿಯ ಬಸ್ಸು ಹತ್ತಿದೆ. ಆಣೆ ಮುರಿಯುವುದೇ ಅಂತ ನಿರ್ಧಾರ ಮಾಡಿದ್ದೆ. ಚೀಲದಲ್ಲಿ ಸಾಕ್ಷಿಗೆ ಅಂತ ಒಂದು ಹುಳಿ ಬಾಟಲಿ. ಶಾಂತಕ್ಕ ನೀರು ಕೊಟ್ಟು ಎದುರಿಗೆ ಕೂತರು. ನಾನು ಸಾಣಾಪುರದಿಂದ ಶುರುಮಾಡಿದೆ. ಅಮಾವಾಸ್ಯೆ, ಲಗ್ನಪತ್ರಿಕೆ, ಟ್ರಂಕು, ಎಲ್ಲಾ. ಆ ಗುರುವಾರಕ್ಕೆ ಬಂದೆ. ಅವರು ನಡುವೆಯೇ ತಡೆದರು.

"ಅಣ್ಣಾರ, ಶೇಂಗಾ ಹುರದು ಖಾರ ಹಚ್ಚಿ ಕಳಸ್ತಿದ್ದಾಕಿ ಯಾರು ಅಂತ ತಿಳಕೊಂಡಿದ್ರಿ? ನನಗ ಮೊದಲನೇ ಅಮಾಸಿಗೇ ಗೊತ್ತಾಗಿತ್ತು. ಅವರ ಹೊಟ್ಟಿಯಾಗ ಒಂದು ಮಾತು ನಿಂದರ್ತಿತ್ತೇನು?"

ನಾವಿಬ್ಬರೂ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕುಗಳು. ಅವರು ಮುಂದೆ ಹೇಳಿದ್ದನ್ನು ನಿನಗೆ ಹೇಳಬೇಕಾಗಿಲ್ಲ, ನಿನಗೆ ಗೊತ್ತೇ ಇದೆ. ನನಗೆ ಮಾತ್ರ ಗೊತ್ತಿರಲಿಲ್ಲ.

"ಅವತ್ತು ಅವರು ತಮಗ ಕೇಳಿಲ್ರೀ. ಅವತ್ತಿಗೆ ನಮ್ಮ ಲಗ್ನ ಆಗಿ ನಲವತ್ತು ವರ್ಷ. ಸೀರಿ ತರ್ಲ್ಯಾ ಅಂದ್ರು. ಸೀರಿ ಟ್ರಂಕಿನಾಗ ಭಾಳ ಅದಾವು, ನೀವು ಅಮಾಸಿಗೊಮ್ಮೆ ಏನು ಕುಡದು ನಕ್ಕೋತ ಬರ್ತೀರಲ್ಲ, ಅದನ್ನ ಒಂದು ಗುಟುಕು ನನಗೂ ಕುಡಸ್ರಿ ಅಂದೆ. ಹೊಸ ಅಂಗಿ ಹಾಕ್ಕೊಂಡು ಹುಡುಗರಂಗ ಹೋದ್ರು. ಬರೂ ಮುಂದ ಜಿಲೇಬಿ ತಂದ್ರು. ಮಾಸ್ತರ ಕೊಡಲಿಲ್ಲ, ನಿನಗಂತ ಹೇಳಾಕ ನನಗ ಬಾಯಿ ಬರಲಿಲ್ಲ, ಆಣಿ ಹಾಕೀನಿ ನೋಡು, ಅಮಾಸಿಗೆ ತರ್ತೀನಿ ಅಂದ್ರು."

ಮೆಟ್ಟಿಲಿನ ಮೇಲೆ ನೀನು ನುಂಗಿಕೊಂಡ ಮಾತು ಅದು. ನನ್ನ ಆಣೆ ನಿನ್ನ ಬಾಯಿಗೆ ಬೀಗ ಹಾಕಿತ್ತು. ಬಸಣ್ಣ, ನಿನ್ನ ಮಣ್ಣಿಗೂ ಅಳದವನು ನಾನು, ಅವತ್ತು ಶಾಂತಕ್ಕನ ಎದುರಿಗೆ ಮಗುವಿನ ಹಾಗೆ ಅತ್ತುಬಿಟ್ಟೆ. ಅವರು ಸುಮ್ಮನಿರಿ ಅನ್ನಲಿಲ್ಲ. ಅಳುವುದು ಮುಗಿಯುವವರೆಗೆ ಕಾದು, ಮುಚ್ಚುಮರೆಯಿಲ್ಲದೆ ಹೇಳಿದರು.

"ಖರೇ ಹೇಳ್ತೀನ್ರಿ ಅಣ್ಣಾರ, ನಿಮ್ಮ ಮ್ಯಾಲ ನನಗ ಸಿಟ್ಟಿತ್ತು. ಏಳು ತಿಂಗಳು ಇಟ್ಕೊಂಡಿದ್ದೆ. ಒಂದು ಬಾಟ್ಲಿಗೆ ಹಿಂಗ್ಯಾಕ ಮಾಡಿದ್ರು ಅಂತ. ಇವತ್ತು ನೀವಾಗೇ ಬಂದು ಹೇಳಿದ್ರಿ, ಹೋತು."

ಆಮೇಲೆ ನನ್ನ ಚೀಲದಿಂದ ಬಾಟಲಿ ಎಳೆದು, ಮೂಸಿ ನೋಡಿ, ನಾಲಿಗೆಗೆ ಒಂದು ಹನಿ ಮುಟ್ಟಿಸಿ, "ಇದೇನು ಹಾಳಾಗಿಲ್ಲ ಬಿಡ್ರಿ, ಹುಳಿ ಆಗೇತಿ. ಉಳ್ಳಾಗಡ್ಡಿ ಉಪ್ಪಿನಕಾಯಿಗೆ ಭಾಳ ಛಲೋ" ಅಂತ ಒಳಗೆ ಇಟ್ಟುಕೊಂಡರು. ಉಳಿದವನ್ನೂ ಕಳಿಸಬೇಕಂತೆ. ನಮ್ಮ ಒಂದೂವರೆ ವರ್ಷದ ತಪಸ್ಸು ಇನ್ನು ಮೇಲೆ ಗಂಗಾವತಿಯ ಓಣಿಯವರ ರೊಟ್ಟಿಗೆ ನಂಜಿಕೊಳ್ಳಲು. ಬಾಗಿಲವರೆಗೆ ಬಂದು ಅವರು ಇನ್ನೊಂದು ಮಾತು ಹೇಳಿದರು. "ಹೊಸಾದೊಂದು ತರ್ರಿ. ಗುರುವಾರ ಬರ್ತೀನಿ. ಅವರು ಕೇಳಿದ್ದು ಗುರುವಾರ, ನಾನೂ ಗುರುವಾರನ ಬರಾಕಿ. ಅಮಾಸಿಗೆ ಬರಂಗಿಲ್ಲ."

ಅವತ್ತು ಸಂಜೆ ಮನೆಗೆ ಬಂದು ಗಿರಿಜಾಳಿಗೂ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲೂ ಇಲ್ಲ. "ಉತ್ತರಪತ್ರಿಕಿ ಖಣಖಣ ಅಂತಾವೇನ್ರಿ? ಮಾಸ್ತರ್ನ ಹೇಂತಿ ಅದೀನಿ ನಾ" ಅಂದಳು. ಹಾಗಾದರೆ ಯಾಕೆ ಕೇಳಲಿಲ್ಲ ಅಂದೆ. "ಬಸಣ್ಣಾರು ಬಂದು ಹೋದ ದಿನ ನೀವು ರಾತ್ರಿ ಊಟಕ್ಕ ಕುಂತಾಗ ನನ್ನ ಜೋಡಿ ನಾಕು ಮಾತಾಡತಿದ್ರಿ. ಅದನ್ಯಾಕ ಕೆಡಸ್ಲಿ ಅಂತ ಸುಮ್ನಿದ್ದೆ." ನಮ್ಮ ಮಾನ ಹೋಗುತ್ತದೆ ಅಂತ ಅಂಜಿ ಸತ್ತೆವಲ್ಲ, ಆ ಮಾನವನ್ನು ಇಷ್ಟು ದಿನ ಕಾಯ್ದವರು ಇವರಿಬ್ಬರೇ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಟ್ರಂಕು ಕೆಳಗಿಳಿದಿದೆ, ಗಿರಿಜಾ ಅದರಲ್ಲಿ ಹಾಸಿಗೆಯ ಚಾದರ ತುಂಬಿದ್ದಾಳೆ. ಮೊನ್ನೆ ಲಗ್ನಪತ್ರಿಕೆ ಸಿಕ್ಕಿತು. ಹರಿಯಲು ಮನಸ್ಸಾಗಲಿಲ್ಲ. ಬಂದವರು-ಹೋದವರು ಅನ್ನುವ ಸಾಲಿನ ಸೊನ್ನೆಯನ್ನು ಹೊಡೆದುಹಾಕಿ, ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದೆ. ಮನೆಯಲ್ಲಿ ಒಂದೇ ಬಾಟಲಿ. ಕೇಳಿದವರಿಗೆ, ಕೇಳಿದ ದಿನ. ಅದು ಮುಗಿದ ಮೇಲೆ ಇನ್ನೊಂದು. ಇಷ್ಟು ಸಣ್ಣ ಉತ್ತರಕ್ಕೆ ನಾನು ಎಷ್ಟು ದೊಡ್ಡ ಬೆಲೆ ತೆತ್ತೆ ಅಂತ ನಿನಗೆ ಬಿಟ್ಟರೆ ಯಾರಿಗೆ ಹೇಳಲಿ?

ಆ ಒಂದನ್ನು ಮೂರು ದಿನ ನೀರಿನ ಹರವಿಯ ಪಕ್ಕ ಒದ್ದೆ ಬಟ್ಟೆ ಸುತ್ತಿ ಮಲಗಿಸಿದ್ದೆ. ಈಗ ಮೇಜಿನ ಮೇಲೆ ಇದೆ. ಸುತ್ತ ಮೂರು ಸ್ಟೀಲ್ ಲೋಟ. ಗಿರಿಜಾಳೂ ಒಂದು ಗುಟುಕು ನೋಡುತ್ತಾಳಂತೆ, ಸೇರದಿದ್ದರೆ ಉಗುಳುತ್ತಾಳಂತೆ. ಶೇಂಗಾ ಈ ಸಲ ಅವಳೇ ಹುರಿದಿದ್ದಾಳೆ, ಖಾರ ಸ್ವಲ್ಪ ಜಾಸ್ತಿಯಾಗಿದೆ. ಶಾಂತಕ್ಕನನ್ನು ಕರೆತರಲು ಅವಳು ಬಸ್‌ಸ್ಟ್ಯಾಂಡಿಗೆ ಹೋಗಿ ಅರ್ಧ ತಾಸಾಯಿತು. ಇವತ್ತು ಗುರುವಾರ, ಬಸಣ್ಣ. ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇದೆ.

ಗೇಟಿನ ಸಪ್ಪಳವಾಯಿತು. "ಅಣ್ಣಾರು ಅದಾರೇನ್ರಿ?" ಅಂತ ಶಾಂತಕ್ಕನ ದನಿ. ಏಳುತ್ತೇನೆ. ಮತ್ತೆ ಎಲ್ಲಿ ನನ್ನ ಬಾಯಿಂದ ಇವತ್ತು ಬೇಡ ಅನ್ನುವ ಮಾತು ಬಂದೀತೋ ಅಂತ ಅಂಜಿ, ಅವರು ಬರುವ ಮೊದಲೇ ಕಾರ್ಕು ತೆಗೆದಿಟ್ಟಿದ್ದೇನೆ.

ನಿನ್ನ
ಮಾಸ್ತರ